ಚಳಿಗಾಲದ ಚಾರಣಕ್ಕೆ ಚಾಕುವೋ ಕೊಡಲಿಯೋ: ಚೀಲ ಕಟ್ಟುವ ಮುನ್ನ ತೂಗಿ ನೋಡುವ ಬಗೆ

ಹಿಮ ಬಿದ್ದ ಕಾಡಿನಲ್ಲಿ ರಾತ್ರಿ ತಂಗುವ ಚಾರಣಕ್ಕೆ ಚಾಕು ಒಯ್ಯಬೇಕೋ ಕೊಡಲಿ ಒಯ್ಯಬೇಕೋ ಎಂದು ಯೋಚಿಸುವವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ವಿಷಯ ಬೇರೆಯೇ ಇದೆ. ನಿಮಗೆ ಬೇಕಾದ ಬಿಸಿ ಎಲ್ಲಿಂದ ಬರುತ್ತದೆ, ಸ್ಟೌವಿನಿಂದಲೋ ಸೌದೆಯಿಂದಲೋ? ಸ್ಟೌವ್ ಇದ್ದರೆ ಬೆಂಕಿ ಎನ್ನುವುದು ಆಪತ್ತಿಗೆ ಒದಗುವ ಎರಡನೆಯ ದಾರಿ. ಸೌದೆಯನ್ನೇ ನಂಬಿದ್ದರೆ ಬೆಂಕಿ ಹತ್ತದ ರಾತ್ರಿ ಜೀವಕ್ಕೇ ಕುತ್ತು. ಈ ಎರಡರ ನಡುವೆ ಎಲ್ಲಿ ನಿಂತಿದ್ದೀರಿ ಎಂಬುದು ಗೊತ್ತಾದರೆ ಉಳಿದದ್ದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಚಾಕು ಹೇಗೂ ಬೇಕು. ಹಗ್ಗ ಕತ್ತರಿಸಲು, ಹರಿದ ಪಟ್ಟಿ ಸರಿಮಾಡಲು, ಹೆಪ್ಪುಗಟ್ಟಿದ ಬೆಣ್ಣೆ ಕತ್ತರಿಸಲು, ಕಡ್ಡಿ ಹೆರೆದು ಬೆಂಕಿ ಹಚ್ಚಲು ಅದಕ್ಕೆ ಬದಲಿಲ್ಲ. ಹಾಗಾಗಿ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಚಾಕುವಿನ ಜೊತೆಗೆ ಕೊಡಲಿಯೂ ಬರಬೇಕೇ?

ಮೊದಲು ತೂಕದ ಲೆಕ್ಕ

ಚಳಿಗಾಲದಲ್ಲಿ ಕುಡಿಯುವ ನೀರು ಬಹುತೇಕ ಹಿಮ ಕರಗಿಸಿದ್ದೇ. ಸೊನ್ನೆ ಡಿಗ್ರಿಯ ಒಂದು ಕಿಲೋ ಹಿಮವನ್ನು ಬರೀ ಕರಗಿಸಲು 334 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖದಲ್ಲಿ ಅದೇ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಗೆ ಕಾಯಿಸಬಹುದು. ಮೈನಸ್ 10 ಡಿಗ್ರಿಯ ಹಿಮ ತಂದು ಕುದಿಯುವವರೆಗೆ ಕಾಯಿಸಿದರೆ ಒಟ್ಟು 770 ಕಿಲೋಜೂಲ್ ಆಸುಪಾಸು. ದ್ರವ ಇಂಧನದ ಸ್ಟೌವಿನಲ್ಲಿ ಅರ್ಧ ಶಾಖ ಗಾಳಿಗೆ ಹೋಗುತ್ತದೆ ಎಂದು ಹಿಡಿದರೂ ಲೀಟರ್ ನೀರಿಗೆ 35 ಗ್ರಾಂ ವೈಟ್ ಗ್ಯಾಸ್ (ಹೆಸರು ಗ್ಯಾಸ್ ಆದರೂ ಸ್ಟೌವಿಗೆಂದು ಶುದ್ಧಗೊಳಿಸಿದ ಪೆಟ್ರೋಲಿನಂಥ ದ್ರವ) ಸಾಕು. ಒಬ್ಬರಿಗೆ ದಿನಕ್ಕೆ ಅಡುಗೆ ಸೇರಿ 4 ಲೀಟರ್ ಎಂದರೆ 140 ಗ್ರಾಂ. ಗಾಳಿ, ಸ್ಟೌವ್ ಕಾಯಿಸುವ ಖರ್ಚು, ಚೆಲ್ಲಿದ್ದು ಎಲ್ಲ ಸೇರಿಸಿ 180 ಗ್ರಾಂ ಎನ್ನೋಣ.

ಕೆಲಸಕ್ಕೆ ಬರುವ ಕಾಡುಕೊಡಲಿ ಸುಮಾರು 900 ಗ್ರಾಂ ತೂಗುತ್ತದೆ. ಎಂದರೆ ಒಬ್ಬರ ಐದು ದಿನದ ಇಂಧನದಷ್ಟು. ಎರಡು ಮೂರು ರಾತ್ರಿಯ ಚಾರಣಕ್ಕೆ, ಕೊಡಲಿ ಬಿಟ್ಟು ಆ ತೂಕದ ಇಂಧನ ಒಯ್ದರೆ ನೀರಿಗೂ ಊಟಕ್ಕೂ ಸೌದೆಯ ಹಂಗಿರುವುದಿಲ್ಲ. ಸಂಜೆ ಕತ್ತಲಾದ ಮೇಲೆ, ಮೈ ಬೆವರಿ ಅಂಗಿ ಒದ್ದೆಯಾಗುವಂತೆ ಸೌದೆ ಕಡಿಯುವ ಅಗತ್ಯವೂ ಬೀಳುವುದಿಲ್ಲ. ಚಳಿಯಲ್ಲಿ ಬೆವರು ಸಣ್ಣ ವಿಷಯವಲ್ಲ.

ಒಂದು ಎಚ್ಚರ: ಈ ಲೆಕ್ಕ ದ್ರವ ಇಂಧನಕ್ಕೆ. ಗ್ಯಾಸ್ ಡಬ್ಬಿಯಾದರೆ ಒಳಗೇನಿದೆ ಎಂದು ನೋಡಿ. ಬ್ಯುಟೇನ್ ಸೊನ್ನೆಯ ಹತ್ತಿರವೇ, ಮೈನಸ್ 0.5 ಡಿಗ್ರಿಯಲ್ಲಿ, ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೋಬ್ಯುಟೇನ್ ಸುಮಾರು ಮೈನಸ್ 12ರವರೆಗೆ ತಡೆಯುತ್ತದೆ. ಅದಕ್ಕಿಂತ ಹೆಚ್ಚು ಚಳಿ ಇರುವ ಕಡೆ ಡಬ್ಬಿಯನ್ನು ತಲೆಕೆಳಗಾಗಿ ಇಟ್ಟು ಉರಿಸುವಂಥ ಸ್ಟೌವ್ ಇಲ್ಲದಿದ್ದರೆ, ಡಬ್ಬಿ ತುಂಬ ಇಂಧನವಿದ್ದೂ ಒಲೆ ಉರಿಯುವುದಿಲ್ಲ.

ಹೊಗೆಕೊಳವೆ ಇರುವ ಸೌದೆ ಒಲೆಯನ್ನು ಡೇರೆಯೊಳಗೇ ಇಟ್ಟು ಮಲಗುವವರ ಲೆಕ್ಕ ಬೇರೆ. ಅವರಿಗೆ ಪ್ರತಿ ರಾತ್ರಿಯೂ ಒಣಸೌದೆಯ ರಾಶಿ ಬೇಕು. ಸಾಮಾನನ್ನು ಸಾಮಾನ್ಯವಾಗಿ ಜಾರುಬಂಡಿಯಲ್ಲಿ ಎಳೆಯುತ್ತಾರೆ, ಬೆನ್ನ ಮೇಲಿನ ಭಾರದ ಪ್ರಶ್ನೆಯೂ ಅಷ್ಟಿಲ್ಲ. ಅಂಥ ಕಡೆ ಕೊಡಲಿ ಒಯ್ಯಲೇಬೇಕು.

ದಾರಿಯಲ್ಲಿ ಎಂಥ ಮರ ಇದೆ

ನಕ್ಷೆ ತೆರೆದು ತಂಗುವ ಜಾಗಗಳ ಎತ್ತರ ನೋಡಿ. ಮರಗಳು ಬೆಳೆಯುವ ಎತ್ತರಕ್ಕಿಂತ ಮೇಲೆ ತಂಗುವುದಾದರೆ ಕೊಡಲಿ ಬರೀ ಹೊರೆ. ಹಿಮ ಹತ್ತುವ ಐಸ್ ಆ್ಯಕ್ಸ್ ಇದೆಯಲ್ಲ ಎಂದು ಅದರಲ್ಲಿ ಸೌದೆ ಕಡಿಯಲು ಹೋಗಬೇಡಿ. ಅದು ಗಟ್ಟಿ ಹಿಮಕ್ಕೆ ಮಾಡಿದ ಉಪಕರಣ. ಮರ ಸೀಳುವ ಬಾಯಿ ಅದಕ್ಕಿಲ್ಲ.

ಮರಗಳ ಎತ್ತರದೊಳಗೇ ಇದ್ದರೆ ಮುಂದಿನ ಪ್ರಶ್ನೆ: ಅಲ್ಲಿ ಸೌದೆ ಕಡಿಯಲು ಅನುಮತಿ ಇದೆಯೇ? ಎಷ್ಟೋ ರಕ್ಷಿತ ಅರಣ್ಯಗಳಲ್ಲಿ ಸತ್ತು ನಿಂತ ಮರವನ್ನೂ ಮುಟ್ಟುವಂತಿಲ್ಲ, ಬೆಂಕಿಯನ್ನೂ ಹಾಕುವಂತಿಲ್ಲ. ಹಾಗಿದ್ದರೆ ವಿಚಾರ ಅಲ್ಲಿಗೇ ಮುಗಿಯಿತು, ಚಾಕು ಸಾಕು.

ಅನುಮತಿ ಇದೆ ಎನ್ನೋಣ. ಹಿಮದ ಕಾಡಿನಲ್ಲಿ ನೆಲಕ್ಕೆ ಬಿದ್ದ ಸೌದೆ ಹಿಮದಡಿ ಹೂತು ನೀರು ಕುಡಿದಿರುತ್ತದೆ. ನಿಮಗೆ ಬೇಕಾದದ್ದು ನಿಂತಲ್ಲೇ ಸತ್ತು ಒಣಗಿದ, ತೊಗಟೆ ಕಳಚಿದ, ಮಣಿಕಟ್ಟಿನಿಂದ ತೋಳಿನಷ್ಟು ದಪ್ಪದ ಮರ. ಅದರ ಹೊರಮೈ ಒದ್ದೆಯಾಗಿದ್ದರೂ ತಿರುಳು ಒಣಗಿರುತ್ತದೆ. ಪರೀಕ್ಷೆ ಸುಲಭ: ಒಂದು ತುಂಡು ಸೀಳಿ ಒಳಮೈಯನ್ನು ಕೆನ್ನೆಗೆ ಒತ್ತಿಕೊಳ್ಳಿ. ಒದ್ದೆ ಇದ್ದರೆ ತಣ್ಣಗೆ ಚುರುಗುಟ್ಟುತ್ತದೆ, ಒಣಗಿದ್ದರೆ ಅಷ್ಟು ತಣ್ಣಗೆನಿಸದು. ಎರಡು ತುಂಡುಗಳನ್ನು ಬಡಿದರೆ ಒಣಮರ ಟಣ್ ಎನ್ನುತ್ತದೆ, ಹಸಿಮರ ಮಂಕಾಗಿ ಡಬ್ ಎನ್ನುತ್ತದೆ. ಚಳಿಗಾಲದಲ್ಲಿ ಸೌದೆಯ ಕೆಲಸವೆಲ್ಲ ಆ ಒಣ ತಿರುಳನ್ನು ತಲುಪುವುದೇ, ಅಂದರೆ ಸೀಳುವುದು. ಅಡ್ಡ ಕತ್ತರಿಸುವುದಕ್ಕೆ ಗರಗಸ ಇದೆ. ಉದ್ದಕ್ಕೆ ಸೀಳುವುದಕ್ಕೆ ಚಾಕು ಸಾಕೋ ಕೊಡಲಿ ಬೇಕೋ ಎಂಬುದನ್ನು ಮರದ ದಪ್ಪ ಹೇಳುತ್ತದೆ. 7–8 ಸೆಂ.ಮೀ. ದಪ್ಪದವರೆಗೆ ಚಾಕು ಸಾಕು. ಕೈಬೆರಳಿನಷ್ಟು ಕಡ್ಡಿ ಮಾಡಿಕೊಳ್ಳಲು ಕೊಡಲಿ ಹೊತ್ತರೆ ಅದು ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಂದಂತೆಯೇ. 12 ಸೆಂ.ಮೀ. ದಾಟಿದ ಗಂಟುಗಂಟಿನ ದಿಮ್ಮಿಯೇ ಗತಿ ಎನ್ನುವ ಕಾಡಿನಲ್ಲಿ ಕೊಡಲಿ ಇಲ್ಲದೆ ಸಾಗದು.

ಎಂಥ ಚಾಕು

ಮಡಚುವ ಚಾಕು ಚಳಿಗಾಲಕ್ಕೆ ಬೇಡ. ತಿರುಗುವ ಕೀಲಿನಲ್ಲಿ ನೀರು ಹೆಪ್ಪುಗಟ್ಟಿದರೆ ತೆರೆಯುವುದಿಲ್ಲ, ಅರ್ಧ ತೆರೆದು ಬೀಗ ಕೂತಿದೆ ಎಂದು ನಂಬಿ ಒತ್ತಿದರೆ ಬೆರಳ ಮೇಲೆ ಮುಚ್ಚಿಕೊಳ್ಳುತ್ತದೆ. ದಪ್ಪ ಕೈಗವಸಿನಲ್ಲಿ ತೆರೆಯುವುದೂ ಕಷ್ಟ. ಮಡಚದ ಚಾಕು ಬೇಕು, ಅಲಗು 10 ರಿಂದ 12 ಸೆಂ.ಮೀ. ಉದ್ದ, 3 ರಿಂದ 4 ಮಿ.ಮೀ. ದಪ್ಪ. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಹೋಗಿರಬೇಕು. ಏಟು ಬೀಳುವುದು ಅಲಗಿಗಾದರೂ ಮುರಿಯುವುದು ಅಲಗು ಹಿಡಿಯೊಳಗೆ ಇಳಿಯುವ ಜಾಗದಲ್ಲಿ. ಉದಾಹರಣೆಗೆ ಸ್ವೀಡನ್ನಿನ ಮೋರಾ ಗಾರ್ಬರ್ಗ್ ಚಾಕುವಿನ ಅಲಗು 10.9 ಸೆಂ.ಮೀ. ಉದ್ದ, 3.2 ಮಿ.ಮೀ. ದಪ್ಪ, ಉಕ್ಕು ಹಿಡಿಯ ತುದಿಯವರೆಗಿದೆ. ಅದೇ ಕಂಪನಿಯ ಅಗ್ಗದ ಕಂಪ್ಯಾನಿಯನ್ 2.5 ಮಿ.ಮೀ. ದಪ್ಪದ್ದು, ಉಕ್ಕು ಹಿಡಿಯ ತುದಿಯವರೆಗೆ ಹೋಗಿಲ್ಲ. ಹೆರೆಯಲು ಅದು ಅಪ್ಪಟ ಚಾಕು, ಮಣಿಕಟ್ಟಿನ ದಪ್ಪದ ಮರವನ್ನು ಬಡಿದು ಸೀಳಲು ಅದನ್ನು ನಂಬಿ ಕೂರಬಾರದು.

ಅಲಗಿನ ಬೆನ್ನು ಚೌಕಾಕಾರದ ಅಂಚಿನದಾಗಿದ್ದರೆ ಫೆರೋ ಕಡ್ಡಿ (ಗೀರಿದರೆ ಕಿಡಿ ಹಾರುವ ಲೋಹದ ಕಡ್ಡಿ) ಗೀರಲು ಅದನ್ನೇ ಬಳಸಬಹುದು. ಹಿಡಿ ರಬ್ಬರ್, ಪ್ಲಾಸ್ಟಿಕ್ ಅಥವಾ ಮರದ್ದಿರಲಿ. ಲೋಹ ಹೊರಗೆ ಕಾಣುವ ಹಿಡಿಯನ್ನು ಬರಿಗೈಯಲ್ಲಿ ಹಿಡಿದರೆ ಕೈಯ ಬಿಸಿಯನ್ನೆಲ್ಲ ಹೀರುತ್ತದೆ, ಒದ್ದೆ ಬೆರಳಾದರೆ ಅಂಟಿಕೊಂಡು ಚರ್ಮ ಕಿತ್ತುಬರುತ್ತದೆ. ಕೊಳ್ಳುವಾಗ ನೀವು ಹಾಕುವ ಕೈಗವಸನ್ನೇ ತೊಟ್ಟು ಹಿಡಿದು ನೋಡಿ. ಬೇಸಿಗೆಗೆ ಹದವೆನಿಸುವ ಸಣ್ಣ ಹಿಡಿ ಗವಸಿನೊಳಗೆ ತಿರುಗಿಬಿಡುತ್ತದೆ. ಬೆರಳು ಅಲಗಿನ ಕಡೆ ಜಾರದಂತೆ ಹಿಡಿಯ ಮುಂದೆ ಉಬ್ಬು ಇರಲೇಬೇಕು.

ಚಾಕುವಿನಲ್ಲಿ ಸೌದೆ ಸೀಳುವ ಕ್ರಮ

1. ಗರಗಸದಲ್ಲಿ 25–30 ಸೆಂ.ಮೀ. ಉದ್ದದ ತುಂಡು ಕತ್ತರಿಸಿ. ಗಂಟುಗಳ ನಡುವಿನ ಭಾಗವನ್ನೇ ಆರಿಸಿ. ದಪ್ಪ ಅಲಗಿನ ಉದ್ದಕ್ಕಿಂತ ಕನಿಷ್ಠ 3 ಸೆಂ.ಮೀ. ಕಡಿಮೆ ಇರಬೇಕು. 11 ಸೆಂ.ಮೀ. ಅಲಗಿಗೆ 8 ಸೆಂ.ಮೀ. ಮರವೇ ಮಿತಿ. ತುದಿ ಆಚೆ ಹೊರಬಾರದಿದ್ದರೆ ಮುಂದೆ ಬಡಿಯಲು ಜಾಗವೇ ಇರುವುದಿಲ್ಲ.

2. ಬಡಿಯಲು ಮುಂಗೈ ಉದ್ದದ, 4–5 ಸೆಂ.ಮೀ. ದಪ್ಪದ ಗಟ್ಟಿಮರದ ತುಂಡು ಕೊಡತಿಯಾಗಿ ಇಟ್ಟುಕೊಳ್ಳಿ. ಕಲ್ಲು, ಲೋಹ ಬೇಡ. ಬೆನ್ನು ಮುದುಡುತ್ತದೆ, ಚಳಿಯಲ್ಲಿ ಉಕ್ಕು ಸಿಡಿಯಲೂಬಹುದು.

3. ಸೀಳುವ ತುಂಡನ್ನು ಇನ್ನೊಂದು ದಿಮ್ಮಿಯ ಮೇಲೆ ನಿಲ್ಲಿಸಿ. ನೇರ ಹಿಮದ ಮೇಲೆ ನಿಲ್ಲಿಸಿದರೆ ಏಟೆಲ್ಲ ಹಿಮಕ್ಕೆ ಹೋಗುತ್ತದೆ, ತುಂಡು ಕೆಳಗಿಳಿಯುತ್ತದೆ, ಸೀಳುವುದಿಲ್ಲ.

4. ತುದಿಯಲ್ಲಿ ಒಣಗಿ ಬಿಟ್ಟ ಬಿರುಕಿದ್ದರೆ ಅಲಗನ್ನು ಅದರ ಮೇಲೇ ಇಡಿ. ಇಲ್ಲದಿದ್ದರೆ ನಡುವೆ ಇಡದೆ, ಪಕ್ಕದಿಂದ ಮೂರನೇ ಒಂದು ಭಾಗದಲ್ಲಿ ಇಟ್ಟು ಹೊರಗಿನಿಂದ ಹಲಗೆ ಹಲಗೆಯಾಗಿ ಬಿಡಿಸಿ. ಕೊನೆಗೆ ಕೈಗೆ ಉಳಿಯುವುದೇ ಒಣ ತಿರುಳು.

5. ಮೊದಲ ಏಟು ಅಲಗಿನ ನಡುವೆ, ಬೆನ್ನಿನ ಮೇಲೆ. ಅಲಗು ಹೂತ ಮೇಲೆ ಹೊರಗೆ ಕಾಣುವ ತುದಿಗೆ. ಹಿಡಿ ಸದಾ ನೆಲಕ್ಕೆ ಸಮನಾಗಿರಲಿ. ಹಿಡಿ ಮೇಲೆದ್ದು ತುದಿ ಕೆಳಗೆ ಬಾಗಿದರೆ ಏಟಿನ ಭಾರವೆಲ್ಲ ಹಿಡಿಯ ಬುಡಕ್ಕೆ ಬೀಳುತ್ತದೆ. ಚಾಕು ಮುರಿಯುವುದು ಹೆಚ್ಚಾಗಿ ಹೀಗೆಯೇ.

6. ಸಿಕ್ಕಿಕೊಂಡಿತೇ? ತಿರುಚಬೇಡಿ. ಬಿರುಕಿನೊಳಗೆ ಮರದ ಬೆಣೆ ಹೊಡೆದು ಅಗಲಿಸಿ, ಆಮೇಲೆ ಚಾಕು ಎಳೆದುಕೊಳ್ಳಿ.

ಈ ಬೆಣೆಯ ವಿಚಾರ ಸ್ವಲ್ಪ ನಿಂತು ನೋಡುವಂಥದ್ದು. ಗಟ್ಟಿಮರದಿಂದ 12–15 ಸೆಂ.ಮೀ. ಉದ್ದದ ಎರಡು ಬೆಣೆ ಕೆತ್ತಿಕೊಂಡರೆ ಚಾಕುವಿನ ಕೆಲಸ ಬಿರುಕು ಶುರುಮಾಡುವುದಷ್ಟೇ. ಸೀಳುವ ಭಾರವನ್ನು ಬೆಣೆಗಳೇ ಹೊರುತ್ತವೆ. ಒಂದನ್ನು ಹೊಡೆದು, ಬಿರುಕು ಮುಂದೆ ಓಡಿದ ಜಾಗಕ್ಕೆ ಇನ್ನೊಂದನ್ನು ಹೊಡೆಯುತ್ತ ಹೋದರೆ ಅಲಗಿನ ಉದ್ದಕ್ಕಿಂತ ದಪ್ಪದ ದಿಮ್ಮಿಯೂ ತೆರೆದುಕೊಳ್ಳುತ್ತದೆ. ಹೊತ್ತು ಹಿಡಿಯುತ್ತದೆ, ನಿಜ. ಆದರೆ ಕೊಡಲಿ ಇಲ್ಲದವರು ಕಲಿತಿರಲೇಬೇಕಾದ ಒಂದು ಕೈಚಳಕವಿದ್ದರೆ ಅದು ಇದೇ.

ತಿರುಳಿನಿಂದ ಹೆಬ್ಬೆರಳ ದಪ್ಪದ ಐದಾರು ಕಡ್ಡಿ ತೆಗೆದು, ಒಂದೊಂದರ ಮೇಲೂ ತೆಳ್ಳಗಿನ ಸುರುಳಿಗಳನ್ನು ಹೆರೆದು ಬಿಡಿ. ಸುರುಳಿ ಕಡ್ಡಿಗೇ ಅಂಟಿಕೊಂಡಿರಬೇಕು. ಆಮೇಲೆ ಬೆಂಕಿಕಡ್ಡಿ ಗಾತ್ರದ್ದು, ಪೆನ್ಸಿಲ್ ಗಾತ್ರದ್ದು, ಹೆಬ್ಬೆರಳ ಗಾತ್ರದ್ದು ಬೇರೆಬೇರೆ ರಾಶಿ. ಮಣಿಕಟ್ಟಿನ ದಪ್ಪದ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಹಿಮದ ಮೇಲೆ ತೆಪ್ಪ ಮಾಡಿ, ಅದರ ಮೇಲೆ ಬೆಂಕಿ ಹಚ್ಚಿ. ಇಲ್ಲವಾದರೆ ಬೆಂಕಿ ತಾನೇ ಕರಗಿಸಿದ ಗುಂಡಿಯಲ್ಲಿ ಮುಳುಗುತ್ತದೆ. ಹಿಮ ಹೊತ್ತ ಕೊಂಬೆಯ ಕೆಳಗಂತೂ ಬೇಡವೇ ಬೇಡ.

ಇಲ್ಲಿ ಮೊದಲ ಹೆಜ್ಜೆಗೇ ಗರಗಸ ಬಂತು ಎಂಬುದನ್ನು ಗಮನಿಸಿ. ಬಾಕೊ ಲ್ಯಾಪ್ಲಾಂಡರ್‌ನಂಥ 19 ಸೆಂ.ಮೀ. ಅಲಗಿನ ಮಡಚುವ ಗರಗಸ ಸುಮಾರು 200 ಗ್ರಾಂ. 10 ಸೆಂ.ಮೀ. ದಪ್ಪದವರೆಗಿನ ಒಣಮರವನ್ನು ಕೊಡಲಿಗಿಂತ ಕಡಿಮೆ ಬೆವರಿನಲ್ಲಿ, ಕಡಿಮೆ ಅಪಾಯದಲ್ಲಿ ಕತ್ತರಿಸುತ್ತದೆ. ಸ್ಟೌವ್ ಒಯ್ಯುವ ಚಾರಣಿಗರಿಗೆ ಗಟ್ಟಿ ಚಾಕು ಮತ್ತು ಗರಗಸ, ಎರಡೂ ಸೇರಿ ಅರ್ಧ ಕಿಲೋದೊಳಗೆ. ನಮ್ಮ ಸಲಹೆ ಕೇಳಿದರೆ ಹೆಚ್ಚಿನವರಿಗೆ ಇದೇ ಸರಿ.

ಕೊಡಲಿ ಒಯ್ಯುವುದೇ ಆದರೆ

ಸೌದೆಯೇ ಬಿಸಿಯ ಮೂಲ, ತಂಗುವುದು ಮೂರು ನಾಲ್ಕು ರಾತ್ರಿಗಿಂತ ಹೆಚ್ಚು, ಗುಂಪಿನಲ್ಲಿ ನಾಲ್ಕು ಮಂದಿ, ಮರ ದಪ್ಪ: ಇವುಗಳಲ್ಲಿ ಎರಡು ಕೂಡಿಬಂದರೆ ಕೊಡಲಿ ತನ್ನ ತೂಕಕ್ಕೆ ತಕ್ಕ ಕೆಲಸ ಮಾಡುತ್ತದೆ. ಗುಂಪಿಗೆ ಒಂದೇ ಸಾಕು.

ಜನ ಎಡವುವುದು ಅಳತೆಯಲ್ಲಿ. ಹಗುರವೆಂದು 25–30 ಸೆಂ.ಮೀ. ಕಾವಿನ (ಮರದ ಹಿಡಿಯ) ಪುಟ್ಟ ಕೈಕೊಡಲಿ ಕೊಳ್ಳುತ್ತಾರೆ. ಅದರಲ್ಲಿ ಚಾಕು ಮಾಡುವುದಕ್ಕಿಂತ ಹೆಚ್ಚೇನೂ ಆಗುವುದಿಲ್ಲ, ತೂಕ ಮಾತ್ರ ಮೂರು ಪಟ್ಟು. ಅಪಾಯವೂ ಹೆಚ್ಚು. ನಿಂತು ಬೀಸಿದ ಗಿಡ್ಡ ಕೊಡಲಿ ಗುರಿ ತಪ್ಪಿದರೆ ಅದರ ಸುತ್ತು ಮುಗಿಯುವುದು ಮೊಣಕಾಲಿಗೋ ಕಣಕಾಲಿಗೋ. ಉದ್ದ ಕಾವಿನದು ಹೆಚ್ಚಾಗಿ ನೆಲಕ್ಕೆ ಹೊಡೆಯುತ್ತದೆ. 35 ಸೆಂ.ಮೀ. ಉದ್ದದ, 640 ಗ್ರಾಂ ತೂಗುವ ಫಿಸ್ಕರ್ಸ್ ಎಕ್ಸ್7 ಕೂತು ಸೀಳಲು ಚೆನ್ನ. ಕಡಿಯುವುದಕ್ಕೂ ಸೀಳುವುದಕ್ಕೂ ಒಂದೇ ಕೊಡಲಿ ಬೇಕೆಂದರೆ 45–50 ಸೆಂ.ಮೀ. ಕಾವಿನದು ಬೇಕು; ಗ್ರಾನ್ಸ್‌ಫಾರ್ಸ್ ಕಂಪನಿಯ ಸ್ಮಾಲ್ ಫಾರೆಸ್ಟ್ ಆ್ಯಕ್ಸ್ ಈ ಅಳತೆಯದು. ಎರಡು ಕೈಯಲ್ಲೂ ಹಿಡಿಯಬಹುದು, ಚೀಲದ ಪಕ್ಕಕ್ಕೂ ಕಟ್ಟಬಹುದು.

ಕೊಳ್ಳುವಾಗ ಕಾವಿನ ತುದಿ ನೋಡಿ. ಮರದ ಎಳೆಗಳು ಕೊಡಲಿಯ ಬಾಯಿಯ ನೇರಕ್ಕೇ ಓಡಿರಬೇಕು. ಅಡ್ಡಡ್ಡ ಓಡಿದ್ದರೆ ಕಾವು ಬೇಗ ಮುರಿಯುತ್ತದೆ. ತಲೆಯನ್ನು ಅಲ್ಲಾಡಿಸಿ ನೋಡಿ, ಎಳ್ಳಷ್ಟೂ ಕದಲಬಾರದು. ಚಳಿಗಾಲದ ಒಣಹವೆಯಲ್ಲಿ ಕಾವು ಕುಗ್ಗಿ ತಲೆ ಸಡಿಲವಾಗುವುದುಂಟು. ನೀರಲ್ಲಿ ನೆನೆಸಿದರೆ ಆ ಹೊತ್ತಿಗೆ ಬಿಗಿಯಾಗುತ್ತದೆ, ಒಣಗಿದಾಗ ಮೊದಲಿಗಿಂತ ಸಡಿಲ. ಹೊರಡುವ ಕೆಲವು ದಿನ ಮೊದಲೇ ತಲೆಯ ಕಡೆಯನ್ನು ಅಗಸೆ ಎಣ್ಣೆಯಲ್ಲಿ ಅದ್ದಿಟ್ಟು, ಬೆಣೆಯನ್ನು ಬಡಿದು ಕೂರಿಸಿ.

ಹಿಮದ ಮೇಲೆ ಕೊಡಲಿ ಬೀಸುವಾಗ

ನಿಲ್ಲುವ ಜಾಗದ ಹಿಮವನ್ನು ಮೊದಲು ತುಳಿದು ಗಟ್ಟಿಮಾಡಿ. ಕಾಲಿಗೆ ಕಟ್ಟಿದ ಹಿಮದ ಹಲಗೆ, ಕ್ರಾಂಪಾನ್ (ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳು) ಕಳಚಿಡಿ. ತಲೆಯ ಮೇಲೆ ನೋಡಿ: ಮೊದಲ ಏಟಿಗೇ ಕೊಂಬೆಯ ಹಿಮವೋ ಒಣಕೊಂಬೆಯೋ ಮೈಮೇಲೆ ಬೀಳಬಹುದು. ಕೈ ಚಾಚಿ ಕೊಡಲಿ ಹಿಡಿದಷ್ಟು ದೂರದ ಸುತ್ತಿನಲ್ಲಿ ಯಾರೂ ಬೇಡ, ಬಳ್ಳಿ ರೆಂಬೆಯೂ ಬೇಡ.

ಸೀಳುವಾಗ ಮಂಡಿಯೂರಿ. ಮಂಡಿ ಅಗಲವಾಗಿರಲಿ, ಮುಂದೆ ಅಡಿಗಟ್ಟೆಯಾಗಿ ದಪ್ಪ ದಿಮ್ಮಿ ಇರಲಿ. ಗುರಿ ತಪ್ಪಿದ ಏಟು ದಿಮ್ಮಿಗೋ ನೆಲಕ್ಕೋ ಹೋಗಬೇಕು, ನಿಮಗಲ್ಲ. ಸಣ್ಣ ತುಂಡಿಗೆ ಬೀಸುವುದೇ ಬೇಡ. ಕೊಡಲಿಯ ಬಾಯಿಯನ್ನು ತುಂಡಿನ ಉದ್ದಕ್ಕೆ ಒತ್ತಿಹಿಡಿದು, ಎರಡನ್ನೂ ಒಟ್ಟಿಗೆ ಎತ್ತಿ ದಿಮ್ಮಿಗೆ ಬಡಿಯಿರಿ, ಬಾಯಿ ಮರಕ್ಕೆ ಕಚ್ಚಿ ಕೂತಾಗ ಸ್ವಲ್ಪ ತಿರುಗಿಸಿ. ಆಗ ಬೆರಳು ಅಲಗಿನ ದಾರಿಯಲ್ಲಿ ಇರುವುದೇ ಇಲ್ಲ. ಕೊಂಬೆ ಸವರುವಾಗ ಮರದ ಬುಡದಿಂದ ತುದಿಯ ಕಡೆಗೆ ಹೋಗಿ. ಕಡಿಯುವ ಕೊಂಬೆಗೂ ನಿಮಗೂ ನಡುವೆ ಕಾಂಡ ಅಡ್ಡವಾಗಿರಲಿ.

ಮಿಟನ್ (ನಾಲ್ಕು ಬೆರಳಿಗೂ ಒಂದೇ ಚೀಲವಿರುವ ಗವಸು) ತೊಟ್ಟು ಬೀಸಬೇಡಿ, ಕಾವು ಜಾರುತ್ತದೆ. ಅಂಗೈಗೆ ಚರ್ಮವಿರುವ ತೆಳು ಗವಸು ಸರಿ. ಕಾವಿಗೆ ಕೆಂಪೋ ಕಿತ್ತಳೆಯೋ ಬಣ್ಣದ ಪಟ್ಟಿ ಸುತ್ತಿಡಿ, ಪುಡಿಹಿಮದಲ್ಲಿ ಬಿದ್ದ ಕೊಡಲಿ ಸದ್ದಿಲ್ಲದೆ ಮಾಯವಾಗುತ್ತದೆ. ಬಳಸದಾಗ ದಿಮ್ಮಿಗೆ ಕಚ್ಚಿಸಿಡಿ ಇಲ್ಲವೇ ಒರೆಗೆ ಹಾಕಿ, ಹಿಮದ ಮೇಲೆ ಮಲಗಿಸಬೇಡಿ. ದಣಿದು ಕೈ ಮರಗಟ್ಟಿದ ಮೇಲೆ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಕೊಡಲಿ ಮುಟ್ಟಬಾರದು. ಸೌದೆಯ ಕೆಲಸ ಹಗಲಲ್ಲೇ ಮುಗಿಯಬೇಕು.

ಚಳಿ ಉಕ್ಕಿಗೆ ಏನು ಮಾಡುತ್ತದೆ

ತಾಪ ಇಳಿದಂತೆ ಉಕ್ಕಿನ ತಾಳುವ ಶಕ್ತಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಮಡಚಿಕೊಳ್ಳುತ್ತಿದ್ದ ತೆಳು ಅಂಚು ಚಳಿಯಲ್ಲಿ ಚಕ್ಕೆ ಎದ್ದುಹೋಗುತ್ತದೆ. ರಾಕ್‌ವೆಲ್ ಅಳತೆಯಲ್ಲಿ 61ಕ್ಕಿಂತ ಗಟ್ಟಿಯಾದ ಉಕ್ಕು ಹರಿತವನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತದೆ, ಆದರೆ ಹೆಪ್ಪುಗಟ್ಟಿದ ಗಂಟಿಗೆ ಬಿದ್ದರೆ ಒಡೆಯುವುದೂ ಅದೇ. ಚಳಿಗಾಲಕ್ಕೆ 56–58ರ ಚಾಕು, 55–57ರ ಕೊಡಲಿ ನಂಬಿಕೆಗೆ ತಕ್ಕವು. ಒಣಗಿದ ಸ್ಪ್ರೂಸ್ ಮರದ ಗಂಟು ಗಾಜಿನಷ್ಟು ಗಟ್ಟಿ. ಅದರ ಮೇಲೆ ಅಲಗನ್ನು ಅಡ್ಡ ತಿರುಚಿದರೆ ಅಂಚು ಉಳಿಯದು. ನೀರುಂಡು ಹೆಪ್ಪುಗಟ್ಟಿದ ಹಸಿಮರ ಮಾತ್ರ ತಿರುಗಾಮುರುಗಾ: ಅದು ಬೇಸಿಗೆಗಿಂತ ಸಲೀಸಾಗಿ ಸೀಳುತ್ತದೆ.

ಬೆಳಗಿನ ಮೊದಲ ಏಟಿಗೆ ಮುನ್ನ ಕೊಡಲಿಯ ಬಾಯಿಯನ್ನು ಕಂಕುಳಲ್ಲೋ ಬೆಂಕಿಯ ದೂರದ ಶಾಖದಲ್ಲೋ ಬೆಚ್ಚಗೆ ಮಾಡಿ, ಒರೆ ಹಾಕಿಯೇ. ಬರಿಗೈಯಲ್ಲಿ ಮುಟ್ಟುವಷ್ಟು ಬಿಸಿ ಸಾಕು. ಬೆಂಕಿಯಲ್ಲಿ ಇಟ್ಟರೆ ಉಕ್ಕಿನ ಹದ ಇಳಿದು ಅಂಚು ಮೆದುವಾಗುತ್ತದೆ, ಮತ್ತೆ ಹರಿತ ನಿಲ್ಲುವುದಿಲ್ಲ. ಅಂಚಿನ ಕೋನವನ್ನೂ ಕಾಲಕ್ಕೆ ತಕ್ಕಂತೆ ಬದಲಿಸಬೇಕು: ಬೇಸಿಗೆಯಲ್ಲಿ 25 ಡಿಗ್ರಿ ಇರುವ ಕೊಡಲಿಯನ್ನು ಚಳಿಗಾಲಕ್ಕೆ 30 ಡಿಗ್ರಿಗೆ ತಂದು ಸ್ವಲ್ಪ ಉಬ್ಬಾಗಿ ಸಾಣೆ ಹಿಡಿಯಿರಿ.

ಒರೆ, ಸಾಣೆ, ಗಾಯ

ಚರ್ಮದ ಒರೆ ಹಿಮದ ನೀರು ಕುಡಿದು ರಾತ್ರಿ ಕಲ್ಲಾಗುತ್ತದೆ, ಚಾಕು ಒಳಗೇ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಒರೆಯಾದರೆ ತಳದಲ್ಲಿ ನೀರು ಹೋಗುವ ತೂತಿರಲಿ. ಎರಡರಲ್ಲೂ ಅಲಗನ್ನು ಒರೆಸಿಯೇ ಒಳಗೆ ಹಾಕಿ. ಸೊಂಟಪಟ್ಟಿಯ ಕೆಳಗೆ ಚಾಕು ಸಿಕ್ಕಿಸಿದರೆ ಬೆನ್ನುಚೀಲದ ಪಟ್ಟಿ ಅದರ ಮೇಲೆ ಒತ್ತುತ್ತದೆ. ಚೀಲದ ಹೊರಜೇಬು ಅಥವಾ ಎದೆಪಟ್ಟಿ ವಾಸಿ. ಕೊಡಲಿಯ ಒರೆ ಅಲಗನ್ನು ಪೂರ್ತಿ ಮುಚ್ಚಬೇಕು. ತುಪ್ಪಳದ ಜಾಕೆಟ್ಟಾಗಲಿ ಡೇರೆಯಾಗಲಿ ಒಂದೇ ಸವರಿಗೆ ಹರಿಯುತ್ತದೆ. ವಿಮಾನದಲ್ಲಿ ಹೋಗುವುದಾದರೆ ಎರಡನ್ನೂ ಕೈಚೀಲದಲ್ಲಿ ಬಿಡುವುದಿಲ್ಲ, ವಿಮಾನದವರ ಕೈಗೆ ಒಪ್ಪಿಸುವ ಸಾಮಾನಿನಲ್ಲಿ ಹಾಕಬೇಕು.

ನೀರು ಬೇಡುವ ಸಾಣೆಕಲ್ಲು ಹಿಮದಲ್ಲಿ ಹೆಪ್ಪುಗಟ್ಟುತ್ತದೆ. ಒಣಗಿದಂತೆಯೇ ಬಳಸುವ ಪುಟ್ಟ ವಜ್ರಪುಡಿಯ ಸಾಣೆ ಒಯ್ಯಿರಿ. ಚಕ್ಕೆ ಎದ್ದ ಕೊಡಲಿಗೆ ಅರ ಹಾಕುವುದು ಮನೆಗೆ ಬಂದ ಮೇಲೆ.

ಗಾಯಕ್ಕೆ ಒತ್ತಡದ ಪಟ್ಟಿ, ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಎರಡೂ ಕೈಗೆ ಸಿಗುವ ಜೇಬಿನಲ್ಲಿರಲಿ, ಚೀಲದ ತಳದಲ್ಲಲ್ಲ. ರಕ್ತ ಸುರಿಯುವ ಜಾಗವನ್ನು ಮೊದಲು ಬಲವಾಗಿ ಒತ್ತಿಹಿಡಿಯಬೇಕು. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆ ಬಿಗಿದು ಸಮಯ ಬರೆದಿಡಿ. ಗಾಯಾಳುವಿನ ಕೆಳಗೆ ಮ್ಯಾಟ್ ಹಾಕಿ ಬೆಚ್ಚಗೆ ಹೊದಿಸಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೇ ನಿಧಾನವಾಗುತ್ತದೆ.

ಹೊರಡುವ ಮುನ್ನ ಒಂದು ಪರೀಕ್ಷೆ

ತೋಳಿನ ದಪ್ಪದ ಒಣ ಕೊಂಬೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿಡಿ. ಬೆಳಿಗ್ಗೆ ಚಾರಣದ ಗವಸು ತೊಟ್ಟು, ಗರಗಸ ಮತ್ತು ಚಾಕುವಿನಿಂದ ಅದನ್ನು ಕತ್ತರಿಸಿ, ಸೀಳಿ, ಹೆರೆದು, ಅದರ ತಿರುಳಿನಿಂದಲೇ ಬೆಂಕಿ ಮಾಡಿ ಅರ್ಧ ಲೀಟರ್ ನೀರು ಕುದಿಸಿ. ಗಡಿಯಾರ ನೋಡಿಕೊಳ್ಳಿ. ಅರ್ಧ ಗಂಟೆಯೊಳಗೆ ಉರಿ ಹತ್ತಿ ಆರದೆ ಉಳಿದರೆ ಚಾಕು ಮತ್ತು ಗರಗಸದಲ್ಲೇ ಹೋಗಬಹುದು. ಗಂಟೆ ಕಳೆದರೂ ಹೊಗೆಯೇ ಇದ್ದರೆ ಕೊಡಲಿ ಕೊಂಡು ತರುವ ಮೊದಲು ಸುರುಳಿ ಹೆರೆಯುವುದನ್ನೂ ಬೆಣೆ ಹೊಡೆಯುವುದನ್ನೂ ಇನ್ನಷ್ಟು ಅಭ್ಯಾಸ ಮಾಡಿ, ಅದೇ ಪರೀಕ್ಷೆ ಮತ್ತೆ ನಡೆಸಿ. ಆಗಲೂ ಆಗದಿದ್ದರೆ ಆ ಸಲದ ಚಾರಣಕ್ಕೆ ಸ್ಟೌವಿನ ಇಂಧನವನ್ನು ಒಂದು ದಿನದಷ್ಟು ಹೆಚ್ಚು ತುಂಬಿಕೊಳ್ಳಿ.